ಕರಗಿಸಿದವರ ಪುಣ್ಯ

ಗುಡವಿಗೆ ಬರುವವರೆಲ್ಲ ಕತ್ತೆತ್ತಿಕೊಂಡೇ ಬರುತ್ತಾರೆ. ತಪ್ಪೇನಿಲ್ಲ. ಮುಂಗಾರು ಹಿಡಿದು ಕೆರೆ ತುಂಬಿತೆಂದರೆ ನೀರಿನೊಳಗೆ ನಿಂತ ಮರಗಳ ಮೇಲೆ ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿಗಳ ಬಿಡಾರ ಶುರುವಾಗುತ್ತದೆ. ಒಂದು ಚದರ ಕಿಲೋಮೀಟರೂ ಇಲ್ಲದ ಪಕ್ಷಿಧಾಮದಲ್ಲಿ ಅಷ್ಟೊಂದು ಬಾಣಂತಿತನ ನಡೆಯುವುದನ್ನು ನೋಡಲು ಬೆಂಗಳೂರಿನಿಂದ ಉದ್ದ ಮೂತಿಯ ಕ್ಯಾಮೆರಾ ಹೊತ್ತುಕೊಂಡು ಜನ ಬರುತ್ತಾರೆ, ಬಂದು ಮೇಲೆ ನೋಡುತ್ತಾರೆ, ಮೇಲೆ ನೋಡುತ್ತಲೇ ಹೋಗುತ್ತಾರೆ. ನನ್ನದು ಕೆಳಗೆ ನೋಡುವ ಚಟ. ಅದರಲ್ಲೂ ಮನೆಗಳ ಮೂಲೆಯ ಸಂದೂಕ, ದೇವರ ಗೂಡಿನ ಹಿತ್ತಾಳೆ ಡಬ್ಬಿ, ಅಜ್ಜಿಯರ ಎಲೆಅಡಿಕೆ ಚೀಲದ ಒಳಜೇಬು ಇವುಗಳ ಮೇಲೆ ನನಗೆ ಮೊದಲಿನಿಂದ ಕಣ್ಣು. ಸೊರಬ, ಶಿಕಾರಿಪುರದ ಕಡೆಯ ಹಳೇ ಮನೆಗಳಲ್ಲಿ ಬೆಳ್ಳಿ ರೂಪಾಯಿ ಒಂದೂ ಇಲ್ಲ ಅಂದರೆ ಆ ಮನೆಯವರು ಸುಳ್ಳು ಹೇಳುತ್ತಿದ್ದಾರೆ, ಇಲ್ಲವೇ ಹಿಸ್ಸೆಯ ಹೊತ್ತಿಗೆ ಅಣ್ಣತಮ್ಮಂದಿರು ಹಂಚಿಕೊಂಡಿದ್ದಾರೆ ಎಂದು ಅರ್ಥ.

ಈ ಹರಟೆಗೆ ಕಾರಣವಾದದ್ದು ಮಾತ್ರ ನಮ್ಮ ರೂಪಾಯಿ ಅಲ್ಲ, ಐರ್ಲೆಂಡಿನ ಒಂದು ನಾಣ್ಯ. ಗುಡವಿಯ ನಮ್ಮ ದೊಡ್ಡಮ್ಮನ ಮೊಮ್ಮಗ ಡಬ್ಲಿನ್ನಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ದೀಪಾವಳಿಗೆ ಬಂದವನು ಚಾಕಲೇಟಿನ ಜೊತೆಗೆ ಅಲ್ಲಿನ ಹಳೇ ಬೆಳ್ಳಿಯ ಹಾಫ್ ಕ್ರೌನ್ ಒಂದನ್ನು ತಂದು ಅಜ್ಜಿಯ ಅಂಗೈಗೆ ಹಾಕಿದ. ಎರಡೂವರೆ ಶಿಲ್ಲಿಂಗಿನ ನಾಣ್ಯ. ಒಂದು ಮಗ್ಗುಲಲ್ಲಿ ಹಾರ್ಪ್ ಎನ್ನುವ ಅವರ ತಂತಿವಾದ್ಯ, ಇನ್ನೊಂದು ಮಗ್ಗುಲಲ್ಲಿ ಕುದುರೆ.

"ಇದೆಂತಾ ರೂಪಾಯೋ ತಮ್ಮಾ? ರಾಜನೂ ಇಲ್ಲ, ರಾಣಿಯೂ ಇಲ್ಲ" ಅಂದರು ದೊಡ್ಡಮ್ಮ. ತಿರುಗಿಸಿ ನೋಡಿ, "ವೀಣೆ ಇದ್ದು ಅಂದ್ರೆ ಸರಸ್ವತಿದು. ಇರಲಿ" ಎಂದು ದೇವರ ಗೂಡಿನಲ್ಲಿ ವಿಕ್ಟೋರಿಯಾ ರಾಣಿಯ ಪಕ್ಕಕ್ಕೆ ಇಟ್ಟೇಬಿಟ್ಟರು. ಐರ್ಲೆಂಡಿನವರು ಇಂಗ್ಲಿಷ್ ರಾಜರನ್ನು ನಾಣ್ಯದಿಂದ ಇಳಿಸಲು ಏನೆಲ್ಲ ಪಾಡುಪಟ್ಟರೋ, ಗುಡವಿಯಲ್ಲಿ ಮತ್ತೆ ರಾಣಿಯ ಪಕ್ಕದಲ್ಲೇ ಕೂರುವ ಗತಿ ಬಂತು.

ಆ ಎರಡನ್ನೂ ಅಕ್ಕಪಕ್ಕ ನೋಡುವಾಗ ನನ್ನ ತಲೆಯಲ್ಲಿ ಒಂದು ಲೆಕ್ಕ ಓಡಿತು. ನಮ್ಮ ಬೆಳ್ಳಿ ರೂಪಾಯಿ ಕಂಪನಿ ಸರಕಾರ 1835ರಲ್ಲಿ ಇಡೀ ದೇಶಕ್ಕೆಂದು ಒಂದೇ ಅಚ್ಚಿನಲ್ಲಿ ಹೊರಡಿಸಿದ್ದು. ಸರಿಯಾಗಿ ಒಂದು ತೊಲ, ಎಂದರೆ 11.66 ಗ್ರಾಂ ತೂಕ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ, ಒಂದು ಪಾಲು ಕಲಬೆರಕೆ. ಹಾಗಾಗಿ ಒಳಗಿರುವ ಅಪ್ಪಟ ಬೆಳ್ಳಿ 10.69 ಗ್ರಾಂ. ಐರ್ಲೆಂಡಿನ ಹಾಫ್ ಕ್ರೌನ್ ನೋಡಲು ದೊಡ್ಡದು, 14.14 ಗ್ರಾಂ ತೂಗುತ್ತದೆ. ಆದರೆ ಅದರಲ್ಲಿ ನೂರಕ್ಕೆ 75 ಮಾತ್ರ ಬೆಳ್ಳಿ. ಗುಣಿಸಿ ನೋಡಿ: 10.6 ಗ್ರಾಂ! ಸೊರಬದ ಅಕ್ಕಸಾಲಿಯ ತಕ್ಕಡಿಯಲ್ಲಿ ಇವೆರಡೂ ಅಣ್ಣತಮ್ಮಂದಿರು. ಆದರೆ ಇವು ಚಲಾವಣೆಯಲ್ಲಿದ್ದ ಕಾಲದಲ್ಲಿ, 1927ರ ಕಾನೂನಿನ ಪ್ರಕಾರ ನಮ್ಮ ರೂಪಾಯಿಗೆ 18 ಪೆನ್ನಿ, ಹಾಫ್ ಕ್ರೌನಿಗೆ 30 ಪೆನ್ನಿ. ಒಂದೇ ಬೆಳ್ಳಿಗೆ ಲಂಡನ್ನಿನ ಗಲ್ಲಾಪೆಟ್ಟಿಗೆಯಲ್ಲಿ ಎರಡು ಬೆಲೆ. ಚಿನಿವಾರನ ಕಣ್ಣಿಗೆ ಬೀಳುವುದು ಲೋಹ, ಸರಕಾರದ ಕಣ್ಣಿಗೆ ಬೀಳುವುದು ಮುದ್ರೆ. ಇಬ್ಬರಿಗೂ ಜಗಳ ಹತ್ತಿದರೆ ಗೆಲ್ಲುವವರು ಯಾರು ಎಂಬುದೇ ಹಳೇ ನಾಣ್ಯಗಳ ಪೂರ್ತಿ ಇತಿಹಾಸ.

ನಮ್ಮ ಸೀಮೆ ಮೊದಲಿಂದ ಬೆಳ್ಳಿಯ ಸೀಮೆಯಲ್ಲ, ಚಿನ್ನದ ಸೀಮೆ. ಇದು ಜಂಬದ ಮಾತಲ್ಲ. ಗುಡವಿಯಿಂದ ಕೂಗಳತೆ ಎನ್ನಬಹುದಾದ ಬನವಾಸಿಯನ್ನು ಆಳಿದ ಕದಂಬರಿಂದ ಹಿಡಿದು ಬಳ್ಳಿಗಾವಿಯ ಶಾಸನಗಳವರೆಗೆ ಎಲ್ಲೆಡೆ ಗದ್ಯಾಣ, ಪೊನ್ನು, ಪಣ, ಹಾಗ, ವೀಸಗಳದ್ದೇ ಮಾತು. ವಿಜಯನಗರಕ್ಕೆ 1443ರಲ್ಲಿ ಬಂದ ಪರ್ಷಿಯಾದ ಅಬ್ದುಲ್ ರಜಾಕ್ ಅಲ್ಲಿನ ಚಿನ್ನದ ವರಾಹ, ಪ್ರತಾಪ, ಹಣಗಳನ್ನೆಲ್ಲ ಬಣ್ಣಿಸಿ, ಬೆಳ್ಳಿಗೆ ಬರುವ ಹೊತ್ತಿಗೆ 'ತಾರ' ಎಂಬ ಒಂದೇ ಒಂದು ಸಣ್ಣ ನಾಣ್ಯ ತೋರಿಸುತ್ತಾನೆ. ಆರು ತಾರ ಸೇರಿದರೆ ಒಂದು ಹಣ. ಕೆಳದಿ ಅರಸರು ಟಂಕಿಸಿದ್ದೂ ಚಿನ್ನವನ್ನೇ. ಸದಾಶಿವ ನಾಯಕನ ವರಾಹದ ಮೇಲೆ ಶಿವ ಪಾರ್ವತಿಯರು ಕೂತಿದ್ದಾರೆ. ರಾಜಧಾನಿ ಇಕ್ಕೇರಿಯಿಂದ ಬಿದನೂರಿಗೆ ಹೋದ ಮೇಲೂ, ಟಂಕಸಾಲೆ ಅಲ್ಲಿಗೆ ಎದ್ದು ಹೋದ ಮೇಲೂ ಜನ ಆ ನಾಣ್ಯವನ್ನು ಇಕ್ಕೇರಿ ವರಾಹ ಎಂದೇ ಕರೆದರು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಇನ್ನೂ ಜಾಣ. ಶಿವ ಪಾರ್ವತಿಯರನ್ನು ಕೂತಲ್ಲೇ ಕೂರಿಸಿ, ಹಿಂದುಗಡೆ ತನ್ನ ಹೆಸರಿನ ಮೊದಲ ಅಕ್ಷರವನ್ನು ಪರ್ಷಿಯನ್ ಲಿಪಿಯಲ್ಲಿ ಒತ್ತಿಸಿದ. ಸಂತೆಯಲ್ಲಿ ನಡೆಯುವ ದುಡ್ಡಿನ ಮುಖ ಬದಲಾಯಿಸಬಾರದು ಎಂಬುದು ಅವನಿಗೆ ಯಾವ ಅರ್ಥಶಾಸ್ತ್ರದ ಪುಸ್ತಕವನ್ನೂ ಓದದೆ ಗೊತ್ತಿತ್ತು.

ಬೆಳ್ಳಿಯನ್ನು ಠೀಕಾಗಿ ಹೊರಡಿಸಿದವನು ಮಗ ಟಿಪ್ಪು. ಎರಡು ರೂಪಾಯಿಯ ನಾಣ್ಯಕ್ಕೆ ಹೈದರಿ, ಒಂದಕ್ಕೆ ಇಮಾಮಿ, ಅರ್ಧಕ್ಕೆ ಆಬಿದಿ ಎಂದು ಹೆಸರಿಟ್ಟ. ತಾಮ್ರದ ದುಡ್ಡಿಗೆ ಗ್ರಹ ನಕ್ಷತ್ರಗಳ ಹೆಸರು ಕೊಟ್ಟು ಬೆನ್ನಿಗೆ ಆನೆ ನಿಲ್ಲಿಸಿದ. ಬಿದನೂರಿನ ಟಂಕಸಾಲೆಯ ಆನೆಕಾಸು ಈಗಲೂ ಈ ಕಡೆ ಆಗಾಗ ಕೈಗೆ ಸಿಗುತ್ತದೆ. ಅವನ ಎರಡು ರೂಪಾಯಿಯ ಬೆಳ್ಳಿ ನಾಣ್ಯ ಮಾತ್ರ ಸಿಕ್ಕಿದರೆ ಪುಣ್ಯ. ಅದರಷ್ಟು ಚೆಂದದ ಅಕ್ಷರ ಇರುವ ನಾಣ್ಯ ಕರ್ನಾಟಕದಲ್ಲಿ ಆಮೇಲೆ ಹುಟ್ಟಲಿಲ್ಲ ಎಂಬುದು ನನ್ನ ಪಕ್ಷಪಾತದ ಅಭಿಪ್ರಾಯ.

ಬೆಳ್ಳಿ ಎಲ್ಲಿಂದ ಬರುತ್ತಿತ್ತು ಅಂತೀರಿ? ನಮ್ಮ ನೆಲದ್ದಲ್ಲ. ಮೆಣಸಿನ ಬೆನ್ನು ಹತ್ತಿ ಬರುತ್ತಿತ್ತು. ರೋಮಿನವರ ಬೆಳ್ಳಿ ದಿನಾರಿಗಳು ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಿವೆ, ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಒಂದು ಗಡಿಗೆಯಷ್ಟು ಸಿಕ್ಕಿದ್ದವು. ಆಮೇಲೆ ಪೋರ್ಚುಗೀಸರು. ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಹೊನ್ನಾವರದಿಂದ ಘಟ್ಟ ಹತ್ತಿ ಇಕ್ಕೇರಿಗೆ ಬಂದದ್ದು ಗೋವೆಯ ರಾಯಭಾರಿಯ ಜೊತೆಗೆ. ರಾಯಭಾರಿ ಬಂದದ್ದು ವೆಂಕಟಪ್ಪ ನಾಯಕನ ಹತ್ತಿರ ಮೆಣಸಿನ ವ್ಯವಹಾರ ಮಾತಾಡಲು. ಆ ಕಾಲದ ಪೋರ್ಚುಗೀಸರ ಚೀಲದ ಬೆಳ್ಳಿ ಮೂಲದಲ್ಲಿ ದಕ್ಷಿಣ ಅಮೆರಿಕದ ಪೊಟೊಸಿ ಬೆಟ್ಟದ್ದು. ನಮ್ಮ ಮೆಣಸು ತಿಂದು ಯುರೋಪು ಸೀನಿತು, ಅವರ ಬೆಳ್ಳಿ ನಮ್ಮಲ್ಲಿ ಕಾಲ್ಗಡಗವಾಯಿತು. ವ್ಯಾಪಾರ ಅಂದರೆ ಇದು.

ಐರ್ಲೆಂಡಿಗೂ ನಮಗೂ ನಂಟು ಎಂತದು ಎಂದು ಕೇಳುವವರಿಗೆ ಶಿಕಾರಿಪುರವನ್ನು ತೋರಿಸಬೇಕು. ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯಾ ವಾಘ್ 1799ರಲ್ಲಿ ಟಿಪ್ಪು ಸತ್ತ ಗಲಾಟೆಯಲ್ಲಿ ಶ್ರೀರಂಗಪಟ್ಟಣದ ಸೆರೆಮನೆಯಿಂದ ಬಿಡಿಸಿಕೊಂಡು ಬಂದು ಬಿದನೂರು ಸೀಮೆಯನ್ನೆಲ್ಲ ನಡುಗಿಸಿದ. ಶಿಕಾರಿಪುರದ ಕೋಟೆಯಲ್ಲಿ ಅವನ ಕಾವಲು ಪಡೆ ಇತ್ತು. ಅದೇ ವರ್ಷ ಕಂಪನಿಯ ದಂಡು ಬಂದು ಲಗ್ಗೆ ಹತ್ತಿ ಅದನ್ನು ತೆಗೆದುಕೊಂಡಿತು. ಅವನು ತುಂಗಭದ್ರೆ ದಾಟಿ ಓಡಿದ. ಮರುವರ್ಷ ತನ್ನನ್ನು ಉಭಯಲೋಕಾಧೀಶ್ವರ ಎಂದು ಕರೆದುಕೊಂಡು ಮತ್ತೆ ಬಂದ. ಇಹದ ಲೋಕ ಒಂದೇ ಸಾಲದೆ ಪರದ್ದಕ್ಕೂ ಪಟ್ಟ ಕಟ್ಟಿಕೊಂಡವನನ್ನು ಬೆನ್ನಟ್ಟಿ, 1800ರ ಸೆಪ್ಟೆಂಬರ್ 10ರಂದು ಪರಲೋಕಕ್ಕೇ ಕಳಿಸಿದವನು ಆರ್ಥರ್ ವೆಲ್ಲೆಸ್ಲಿ. ಮುಂದೆ ವೆಲಿಂಗ್ಟನ್ ಆಗಿ ವಾಟರ್ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದವನು. ಹುಟ್ಟಿದ್ದು 1769ರಲ್ಲಿ, ಡಬ್ಲಿನ್ನಿನಲ್ಲಿ. ಧೋಂಡಿಯಾನ ಬಿಡಾರದಲ್ಲಿ ಸಿಕ್ಕ ಸಲಾಬತ್ ಖಾನ್ ಎಂಬ ಪುಟ್ಟ ಸಾಕುಮಗನನ್ನು ಅವನೇ ಇಟ್ಟುಕೊಂಡು, ಊರಿಗೆ ಹೋಗುವಾಗ ಹುಡುಗನ ಪಾಲನೆಗೆಂದು ಹಣ ಬಿಟ್ಟುಹೋದ. ತಂದೆಯನ್ನು ಕೊಂದವನು ಮಗನಿಗೆ ಖರ್ಚಿಗೆ ಕೊಟ್ಟದ್ದು ನಮ್ಮ ಕಡೆಯ ಕಥೆ ಹೇಳುವವರಿಗೆ ಯಾಕೋ ಇನ್ನೂ ಸಿಕ್ಕಿಲ್ಲ.

ಇನ್ನೊಬ್ಬ ಐರಿಷ್ ಮನುಷ್ಯನ ಋಣ ನಮ್ಮ ಜಿಲ್ಲೆಯ ಮೇಲೆ ಇನ್ನೂ ದೊಡ್ಡದು. ಬೆಲ್‌ಫಾಸ್ಟಿನ ಕವಿ ಜೇಮ್ಸ್ ಕಸಿನ್ಸ್. ಮೈಸೂರಿಗೆ 1924ರಲ್ಲಿ ಬಂದಿದ್ದಾಗ ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ಮಲೆನಾಡಿನ ಒಬ್ಬ ವಿದ್ಯಾರ್ಥಿ ಅವರನ್ನು ಕಂಡ. ಪದ್ಯಗಳನ್ನು ನೋಡಿದ ಕಸಿನ್ಸ್ ನಿನ್ನ ಭಾಷೆಯಲ್ಲಿ ಬರೆ ಎಂದು ಬುದ್ಧಿ ಹೇಳಿ ಕಳಿಸಿದರು. ವಿದ್ಯಾರ್ಥಿ ಕುಪ್ಪಳಿಯ ಪುಟ್ಟಪ್ಪ. ಈ ಕಸಿನ್ಸ್ ಡಬ್ಲಿನ್ನಿನಲ್ಲಿದ್ದಾಗ ಕವಿ ಯೇಟ್ಸ್ ಜೊತೆ ನಾಟಕದ ಚಳವಳಿಯಲ್ಲಿ ಓಡಾಡಿದವರು. ಯೇಟ್ಸ್ ಯಾಕೆ ಬಂದ ಅಂದರೆ, ದೊಡ್ಡಮ್ಮನ ದೇವರ ಗೂಡು ಸೇರಿದ ಆ ಕುದುರೆಗೆ ಅವನೇ ಕಾರಣ.

ಸ್ವಾತಂತ್ರ್ಯ ಸಿಕ್ಕ ಐರ್ಲೆಂಡ್ 1926ರಲ್ಲಿ ಸ್ವಂತ ನಾಣ್ಯ ಬೇಕೆಂದು ಒಂದು ಸಮಿತಿ ಮಾಡಿತು, ಅಧ್ಯಕ್ಷ ಯೇಟ್ಸ್. ಕವಿಯನ್ನು ದುಡ್ಡಿನ ಸಮಿತಿಗೆ ಕೂರಿಸಿದ ಸರಕಾರ ಲೋಕದಲ್ಲಿ ಅದೊಂದೇ ಇರಬೇಕು. ಸಮಿತಿ ನಾಯಕರ ತಲೆ ಬೇಡ, ದೇವರ ಪಟ ಬೇಡ, ನಮ್ಮದು ರೈತರ ದೇಶ, ಪ್ರಾಣಿ ಪಕ್ಷಿ ಸಾಕು ಎಂದು ತೀರ್ಮಾನಿಸಿತು. ಪರ್ಸಿ ಮೆಟ್‌ಕಾಫ್ ಎಂಬ ಶಿಲ್ಪಿ ಬರೆದ ಎಂಟು ಚಿತ್ರಗಳು 1928ರಲ್ಲಿ ನಾಣ್ಯವಾಗಿ ಹೊರಟವು. ಹಾಫ್ ಕ್ರೌನಿಗೆ ಕುದುರೆ, ಎರಡು ಶಿಲ್ಲಿಂಗಿಗೆ ಸಾಲ್ಮನ್ ಮೀನು, ಶಿಲ್ಲಿಂಗಿಗೆ ಗೂಳಿ: ಇವು ಮೂರು ಬೆಳ್ಳಿಯವು. ಕೆಳಗಿನವುಗಳಲ್ಲಿ ಬೇಟೆನಾಯಿ, ಮೊಲ, ಮರಿಗಳ ಜೊತೆ ಹೇಂಟೆ, ಮರಿಗಳ ಜೊತೆ ಹಂದಿ, ಎಲ್ಲಕ್ಕಿಂತ ಚಿಕ್ಕ ಕಾಸಿಗೆ ಹಾರುತ್ತಿರುವ ವುಡ್‌ಕಾಕ್ ಹಕ್ಕಿ. ದೇವರ ಹೆಸರಿಲ್ಲದ ಮೃಗಗಳ ದುಡ್ಡು ಎಂದು ಅಲ್ಲಿನ ಕೆಲವು ಭಕ್ತರು ಗೊಣಗಿದರು. ಕೃಷಿ ಇಲಾಖೆಯವರದ್ದು ಬೇರೆಯೇ ತಕರಾರು: ಈ ಹಂದಿಯ ಮೈಕಟ್ಟು ಮಾರುಕಟ್ಟೆಗೆ ಸರಿಯಿಲ್ಲ! ಶಿಲ್ಪಿ ಪಾಪ ಹಂದಿಯನ್ನು ತಿದ್ದಿ ಕೊಟ್ಟ. ಕವಿ ಯೇಟ್ಸ್ ಮೊದಲಿನದೇ ಚೆಂದ ಇತ್ತೆಂದು ಕೊರಗಿದ. ಇದೇ ಮೆಟ್‌ಕಾಫ್ ಮುಂದೆ ನಮ್ಮ ನಾಣ್ಯಗಳಿಗೆ ಆರನೇ ಜಾರ್ಜ್ ರಾಜನ ಕಿರೀಟದ ತಲೆಯನ್ನೂ ಮಾಡಿಕೊಟ್ಟ. ದೇವರ ಗೂಡಿನ ಕುದುರೆಯದ್ದೂ, ಪಕ್ಕದ ಡಬ್ಬಿಯಲ್ಲಿರುವ ರಾಜನದ್ದೂ ಒಂದೇ ಕೈಕೆಲಸ. ಸೊರಬದ ಗುಡಿಗಾರರು ಕೇಳಿದರೆ ಇದಕ್ಕೆ ಆಶ್ಚರ್ಯಪಡುವುದಿಲ್ಲ. ಗಂಧದ ಕೊರಡಿನಲ್ಲಿ ಬೆಳಗ್ಗೆ ಗಣಪತಿ, ಮಧ್ಯಾಹ್ನ ಆನೆ ಮಾಡುವ ಕೈ ಅವರದ್ದು.

ಹಂದಿಯ ವಿಚಾರ ಬಂತಲ್ಲ, ನಮ್ಮ ಹಂದಿ ರೂಪಾಯಿಯನ್ನು ಬಿಟ್ಟು ಮುಂದೆ ಹೋದರೆ ಅದಕ್ಕೆ ಬೇಜಾರಾಗುತ್ತದೆ. ಐದನೇ ಜಾರ್ಜನ ಪಟ್ಟಾಭಿಷೇಕವಾದ 1911ರ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲೊಂದು ಪುಟಾಣಿ ಆನೆ ಇತ್ತು. ಸೊಂಡಿಲು ಮೋಟಾಗಿ, ಕಾಲು ಗಿಡ್ಡವಾಗಿ, ಜನರ ಕಣ್ಣಿಗೆ ಅದು ಹಂದಿಯಾಯಿತು. ಗುಲ್ಲೆದ್ದಿತು. ಸುಮಾರು 94 ಲಕ್ಷ ಟಂಕಿಸಿದ್ದರಲ್ಲಿ ಹೊರಗೆ ಹೋದದ್ದು 7 ಲಕ್ಷದಷ್ಟು. ಉಳಿದವನ್ನು ಸರಕಾರ ತಡೆದು ಕರಗಿಸಿತು, 1912ರ ರೂಪಾಯಿಗೆ ಆನೆಯ ಸೊಂಡಿಲನ್ನು ತಿದ್ದಿಸಿತು. ಅತ್ತ ಐರ್ಲೆಂಡಿನಲ್ಲಿ ಹಂದಿ ಹಂದಿಯಂತಿಲ್ಲ ಎಂದು ತಿದ್ದಿದರು, ಇತ್ತ ನಮ್ಮಲ್ಲಿ ಆನೆ ಹಂದಿಯಂತಿದೆ ಎಂದು ತಿದ್ದಿದರು.

ಅಲ್ಲಿಂದ ಶುರುವಾಯಿತು ನೋಡಿ ನನಗೆ ಈ ಯೋಚನೆ. ಹಂದಿ ರೂಪಾಯಿಗೆ ಇವತ್ತು ಸಂಗ್ರಹಕಾರರು ಅದರ ಅಕ್ಕಪಕ್ಕದ ವರ್ಷಗಳಿಗಿಂತ ಹೆಚ್ಚು ಕೊಡುತ್ತಾರೆ. ಯಾಕೆ? ಹೊರಗೆ ಹೋದದ್ದನ್ನು ಜನ ಜತನ ಮಾಡಿದರೆಂದೇ? ಉಳಿದದ್ದನ್ನು ಸರಕಾರ ಕರಗಿಸಿತಲ್ಲ, ಅದಕ್ಕೆ. ಹಳೇ ನಾಣ್ಯಕ್ಕೆ ಬೆಲೆ ತಂದವರು ಇಟ್ಟುಕೊಂಡವರಲ್ಲ, ಕರಗಿಸಿದವರು. ಡಬ್ಬಿಯಲ್ಲಿ ಮುಚ್ಚಿಟ್ಟ ಅಜ್ಜಿಯದ್ದೇ ಎಲ್ಲ ಹೆಚ್ಚುಗಾರಿಕೆ ಎಂದು ನಾವು ಬೀಗುತ್ತೇವೆ; ಕುಲುಮೆ ಉರಿಸಿದವನ ಹೆಸರು ಯಾರೂ ಎತ್ತುವುದಿಲ್ಲ.

1918ರ ರೂಪಾಯಿಯನ್ನೇ ತೆಗೆದುಕೊಳ್ಳಿ. ಮಲೆನಾಡಿನ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಸಿಗುವ ಇಸವಿಗಳಲ್ಲಿ ಅದೊಂದು. ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂದು, 1917ರ ನವೆಂಬರ್ 30ರಂದು ಒಂದು ರೂಪಾಯಿಯ ನೋಟು ಹುಟ್ಟಿತು. ಕಾಗದದ ರೂಪಾಯಿಯನ್ನು ನಂಬುವವರು ಯಾರು? ಜನ ಬೆಳ್ಳಿಯನ್ನೇ ಕೇಳಿದರು. ಬ್ರಿಟಿಷರು ಅಮೆರಿಕದ ಮುಂದೆ ಕೈಚಾಚಿದರು. ಪಿಟ್‌ಮನ್ ಕಾಯಿದೆ ಎಂದು 1918ರಲ್ಲಿ ಮಾಡಿ, ಅಮೆರಿಕ ತನ್ನ ಬೊಕ್ಕಸದ ಸುಮಾರು 27 ಕೋಟಿ ಬೆಳ್ಳಿ ಡಾಲರುಗಳನ್ನು ಕರಗಿಸಿತು. ಅದರ ಬಹುಪಾಲು ಹಡಗೇರಿ ಇಂಡಿಯಾಕ್ಕೆ ಬಂತು. ಕಲ್ಕತ್ತ, ಬೊಂಬಾಯಿ ಟಂಕಸಾಲೆಗಳು ಆ ಒಂದೇ ಇಸವಿಯಲ್ಲಿ ಒತ್ತಿದ ರೂಪಾಯಿ 40 ಕೋಟಿಗೂ ಮೇಲೆ. ದೊಡ್ಡಮ್ಮನ ಡಬ್ಬಿಯ ಐದನೇ ಜಾರ್ಜನ ಮೈಯಲ್ಲಿ ಅಮೆರಿಕದ ಸ್ವಾತಂತ್ರ್ಯದೇವಿಯೇ ಕರಗಿ ಕೂತಿರಬಹುದು. ಕರಗಿಸಿದ್ದರಿಂದ ಅಲ್ಲಿನ ಹಳೇ ಡಾಲರಿಗೆ ಬೆಲೆ ಬಂತು; ತುಂಬಿ ತುಳುಕಿದ್ದರಿಂದ ಇಲ್ಲಿನ 1918ಕ್ಕೆ ಬೆಳ್ಳಿಯ ಬೆಲೆಗಿಂತ ಹೆಚ್ಚು ಯಾರೂ ಕೊಡರು.

ಎರಡನೇ ಯುದ್ಧದಲ್ಲೂ ಅದೇ ಆಟ, ಇನ್ನೂ ಬಿರುಸಾಗಿ. ಜನ ಬೆಳ್ಳಿ ರೂಪಾಯಿಗಳನ್ನು ನುಂಗತೊಡಗಿದರು. ಸರಕಾರ 1940ರಲ್ಲಿ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕಿಳಿಸಿ, ತಾಮ್ರ, ನಿಕಲ್, ಸತುವನ್ನು ಕೂಡಿಸಿ, ಖೋಟಾ ಮಾಡದಂತೆ ಅಂಚಿಗೆ ವಿಶೇಷ ಗೀರು ಹಾಕಿಸಿತು. 1941ರಿಂದ 1943ರೊಳಗೆ ವಿಕ್ಟೋರಿಯಾ, ಎಡ್ವರ್ಡ್, ಜಾರ್ಜರ ಹಳೇ ಅಪ್ಪಟ ರೂಪಾಯಿಗಳನ್ನು ಒಂದೊಂದಾಗಿ ಚಲಾವಣೆಯಿಂದ ತೆಗೆಯಿತು. ಅಮೆರಿಕದಿಂದ ಮತ್ತೆ 22 ಕೋಟಿ ಔನ್ಸಿಗೂ ಮೇಲೆ ಬೆಳ್ಳಿ ಸಾಲ ಬಂತು, ಬೆಳ್ಳಿಯಾಗಿಯೇ ತೀರಿಸಬೇಕೆಂಬ ಕರಾರಿನ ಮೇಲೆ. ಸ್ವತಂತ್ರ ಭಾರತ ಆ ಸಾಲ ತೀರಿಸಲು ಅರ್ಧ ಬೆಳ್ಳಿಯ ರೂಪಾಯಿಗಳನ್ನು ವಾಪಸು ಪಡೆದು, ಕಲ್ಕತ್ತದ ಅಲಿಪುರದಲ್ಲಿ ಶುದ್ಧಿ ಮಾಡುವ ಕಾರ್ಖಾನೆಯನ್ನೇ ಕಟ್ಟಿಸಬೇಕಾಯಿತು. ಈ ಗದ್ದಲದಲ್ಲಿ 1939ರ ಅಪ್ಪಟ ಬೆಳ್ಳಿಯ ರೂಪಾಯಿ ಹೆಚ್ಚುಕಮ್ಮಿ ಪೂರ್ತಿ ಕುಲುಮೆಗೆ ಹೋಯಿತು. ಉಳಿದ ಒಂದೊಂದಕ್ಕೆ ಹರಾಜಿನಲ್ಲಿ ಈಗ ಲಕ್ಷಗಳ ಮಾತು. ಐರ್ಲೆಂಡಿನದ್ದೂ ಥೇಟ್ ಇದೇ ಕಥೆ: 1943ರಲ್ಲಿ ಒತ್ತಿದ ಕುದುರೆ ಮತ್ತು ಸಾಲ್ಮನ್ ನಾಣ್ಯಗಳನ್ನು ಬೆಳ್ಳಿ ತುಟ್ಟಿಯಾಯಿತೆಂದು ಬಹುಪಾಲು ಕರಗಿಸಿಬಿಟ್ಟರು. ಡಬ್ಲಿನ್ನಿನ ಹುಡುಗ ತಂದ ಕುದುರೆ 1943ರದ್ದೋ ಎಂದು ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಅಲ್ಲ. ಇದ್ದಿದ್ದರೆ ಈ ಹರಟೆಯ ಬದಲು ಅವನಿಗೆ ಫೋನು ಮಾಡುತ್ತಿದ್ದೆ.

ಹಾಗಾದರೆ ನಮ್ಮ ಡಬ್ಬಿಯದ್ದಕ್ಕೆ ಏನು ಬೆಲೆ? ಕಿಲೋ ಬೆಳ್ಳಿಗೆ 1 ಲಕ್ಷ ಎಂದು ಹಿಡಿದರೆ ಅಪ್ಪಟ ರೂಪಾಯಿಯೊಳಗೆ 1,069 ರೂಪಾಯಿಯ ಬೆಳ್ಳಿ ಇದೆ. ದರ ಏರಿದಷ್ಟೂ ಅದೂ ಏರುತ್ತದೆ. ಅಕ್ಕಸಾಲಿ ಇದನ್ನು ಕಣ್ಣುಮುಚ್ಚಿ ಕೊಳ್ಳುತ್ತಾನೆ, ಯಾಕಂದರೆ ರಾಣಿ ರೂಪಾಯಿಯ ಬೆಳ್ಳಿಯ ಹದ ಅವನ ತಾತನಿಗೇ ಗೊತ್ತಿತ್ತು. ಅದಕ್ಕಿಂತ ಮೇಲಿನ ಬೆಲೆ ಇಸವಿ, ಟಂಕಸಾಲೆ, ಅಚ್ಚಿನ ಸಣ್ಣ ವ್ಯತ್ಯಾಸಗಳ ಮೇಲೆ ನಿಂತಿದೆ. 1862 ಎಂದು ಬರೆದ ವಿಕ್ಟೋರಿಯಾ ರೂಪಾಯಿಯನ್ನು ಅದೇ ಇಸವಿ ಹಾಕಿಕೊಂಡು 1874ರವರೆಗೂ ಒತ್ತಿದರು. ನಡುವೆ ವರ್ಷದ ಗುರುತಿಗೆಂದು ಸಣ್ಣ ಚುಕ್ಕೆಗಳನ್ನು ಇಟ್ಟರು. ಆ ಚುಕ್ಕೆ ಎಣಿಸುವುದಕ್ಕೇ ಜೀವ ತೇದವರು ಇದ್ದಾರೆ. 1877ರಿಂದ ರಾಣಿ ಸಾಮ್ರಾಜ್ಞಿಯಾದಳು. ಎಡ್ವರ್ಡ್ ಬಂದಾಗ ತಲೆಯ ಮೇಲೆ ಕಿರೀಟ ಇಲ್ಲ, ಕೂದಲೂ ಅಷ್ಟಕ್ಕಷ್ಟೆ.

ಆದರೆ ನಮ್ಮ ಹೆಂಗಸರು ಸಂಗ್ರಹಕಾರರ ಹೊಟ್ಟೆಗೆ ಪ್ರತಿ ದೀಪಾವಳಿಗೂ ಬೆಂಕಿ ಇಡುತ್ತಾರೆ. ಲಕ್ಷ್ಮೀಪೂಜೆಗೆ ಮುಂಚೆ ಹುಣಸೆಹಣ್ಣು ಹಚ್ಚಿ, ಬೂದಿಯಲ್ಲಿ ತಿಕ್ಕಿ, ರಾಣಿಯ ಮೂಗು ಸವೆಯುವಷ್ಟು ಬೆಳಗಿಸುತ್ತಾರೆ. ಹಳೇ ಬೆಳ್ಳಿಯ ಮೇಲೆ ತಾನಾಗಿ ಕೂತ ಕಪ್ಪು ಛಾಯೆಗೇ ಹರಾಜಿನವರು ದುಡ್ಡು ಕೊಡುವುದು. ತಿಕ್ಕಿದರೆ ಬೆಲೆ ಅರ್ಧ. ಸರಕ್ಕೆಂದು ಕೊಂಡಿ ಬೆಸೆದಿದ್ದರಂತೂ ಅದು ನಾಣ್ಯವೇ ಅಲ್ಲ ಎನ್ನುತ್ತಾರೆ. ಇದನ್ನು ದೊಡ್ಡಮ್ಮನಿಗೆ ಹೇಳಿದೆ.

"ಮಾರಾದಾದ್ರೆ ಅಲ್ದೇನಾ ತಮ್ಮಾ ಬೆಲೆ" ಅಂದರು. "ಕೊಳೆ ಇಟ್ಕಂಡು ದೇವ್ರ ಪೂಜೆ ಮಾಡಕ್ ಆಗ್ತದಾ?"

ಅವರ ಅತ್ತೆ ಕಾಲದಲ್ಲಿ ಹುಟ್ಟಿದ ಕೂಸಿಗೆಲ್ಲ ರೂಪಾಯಿ ಕರಗಿಸಿಯೇ ಉಡಿದಾರ ಮಾಡಿಸುತ್ತಿದ್ದರಂತೆ. ತೆರ ಕೊಡುವಾಗ ಎಣಿಸಿ ಕೊಟ್ಟ ರೂಪಾಯಿಗಳೇ ಮುಂದೆ ಮೊಮ್ಮಕ್ಕಳ ಸೊಂಟಕ್ಕೆ ಬಂದವು. ಸಂತೆಯಲ್ಲಿ ಕಲ್ಲಿಗೆ ಬಡಿದು ಖಣ್ ಅನ್ನಿಸಿ ಪರೀಕ್ಷಿಸುತ್ತಿದ್ದದ್ದು, ಕಚ್ಚಾ ಸೇರೆಂದರೆ 24 ರೂಪಾಯಿ ತೂಕ ಎಂದು ಬೆಲ್ಲ, ಹುಣಸೆಯನ್ನು ನಾಣ್ಯ ಇಟ್ಟೇ ತೂಗುತ್ತಿದ್ದದ್ದು, ಎಲ್ಲ ಅವರ ಬಾಯಲ್ಲಿ ಹಿಂದಿನ ವಾರದ ಸುದ್ದಿಯಂತೆ ಬರುತ್ತದೆ. ದುಡ್ಡೇ ತೂಕದ ಬಟ್ಟಾಗಿದ್ದ ಕಾಲ. ಈಗಿನ ಹತ್ತು ರೂಪಾಯಿಯ ನಾಣ್ಯವನ್ನು ಕೆಲವು ಅಂಗಡಿಯವರು ತೆಗೆದುಕೊಳ್ಳುವುದೇ ಇಲ್ಲ, ಅದರಲ್ಲಿ ತೂಗುವುದು ಏನು ಬಂತು?

ನಡುವೆ ಮೊಬೈಲಿನವರ ಹಾವಳಿಯೊಂದು. ಇಂಥ ನಾಣ್ಯ ನಿಮ್ಮಲ್ಲಿದ್ದರೆ ಇಷ್ಟು ಲಕ್ಷ, ಮೊದಲು ನೋಂದಣಿ ಶುಲ್ಕ ಕಳಿಸಿ ಎಂಬ ಸಂದೇಶ ನಮ್ಮ ಕಡೆಯ ಎಷ್ಟೋ ಜನಕ್ಕೆ ಬಂದಿದೆ. ತನ್ನ ಹೆಸರನ್ನೂ ಇದಕ್ಕೆ ಬಳಸುತ್ತಿದ್ದಾರೆ, ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಪ್ರಕಟಣೆ ಕೊಡಬೇಕಾಯಿತು. ಇವರಿಗಿಂತ ಕೆಟ್ಟವರು ನಿಧಿಗಳ್ಳರು. ಅಮಾವಾಸ್ಯೆ ನೋಡಿಕೊಂಡು ಹಾಳು ಗುಡಿಯ ಪೀಠ ಕೀಳುವ ಇವರು ಕದಂಬರ, ಚಾಲುಕ್ಯರ ನಾಡಿಗೆ ಮಾಡಿದ ನಷ್ಟವನ್ನು ಯಾವ ದಂಡೂ ಮಾಡಲಿಲ್ಲ. ನೆಲದಲ್ಲಿ ನಿಧಿ ಸಿಕ್ಕರೆ ಸರಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಷ್ಟು ಹಳೆಯದು. ವಿಕ್ಟೋರಿಯಾ ರೂಪಾಯಿಗಿಂತ ಆ ಕಾನೂನನ್ನು ಮುಟ್ಟಿದವರು ಕಡಿಮೆ. ನಾಣ್ಯ ನೋಡುವ ಆಸೆ ಇದ್ದರೆ ಕೆಳದಿಯ ವಸ್ತುಸಂಗ್ರಹಾಲಯ ಹತ್ತಿರದಲ್ಲೇ ಇದೆ, ಹಗಲು ಹೊತ್ತಿನಲ್ಲಿ ಬಾಗಿಲಿಂದಲೇ ಒಳಗೆ ಹೋಗಬಹುದು.

ಆ ದೀಪಾವಳಿಯ ಸಂಜೆ ದೊಡ್ಡಮ್ಮನ ಜಗಲಿಯಲ್ಲಿ ಎಲೆಅಡಿಕೆ ತಟ್ಟೆಯ ಸುತ್ತ ನಾವೂ ಒಂದು ನಾಣ್ಯ ಸಮಿತಿ ಮಾಡಿದೆವು. ಯೇಟ್ಸನ ಜಾಗದಲ್ಲಿ ದೊಡ್ಡಮ್ಮ. ಗುಡವಿ ಸೀಮೆಗೆ ಸ್ವಂತ ದುಡ್ಡು ಬಂದರೆ ಯಾವ ಪ್ರಾಣಿ ಹಾಕಬೇಕು? ಬೆಳ್ಳಿ ರೂಪಾಯಿಗೆ ಬಿಳಿ ಕೆಂಬರಲು ಎಂಬುದು ಎಲ್ಲರಿಗೂ ಒಪ್ಪಿಗೆಯಾಯಿತು. ಡಬ್ಲಿನ್ನಿನ ಹುಡುಗ ಗಂಡಭೇರುಂಡ ಎಂದ. ಅದಾಗಲೇ ಆಗಿಹೋಗಿದೆ ಎಂದೆ ನಾನು: ಅಚ್ಯುತರಾಯನ ವರಾಹದ ಮೇಲೆ ಗಂಡಭೇರುಂಡ ಆನೆಗಳನ್ನೇ ಹಿಡಿದುಕೊಂಡು ಹಾರುತ್ತದೆ, ಬಳ್ಳಿಗಾವಿಯಲ್ಲಂತೂ ಅದು 1047ರಲ್ಲೇ ಕಂಬ ಹತ್ತಿ ಕೂತಿದೆ. ಎಂಟಾಣೆಗೆ ಎಮ್ಮೆ. ನಾಲ್ಕಾಣೆಗೆ ಕೆಂದಳಿಲು ಎಂದಿತು ಮಕ್ಕಳ ಗುಂಪು.

ಹಂದಿಯ ಸರದಿ ಬಂದಾಗ ಜಗಳ ಹತ್ತಿತು. ಗದ್ದೆ ಕಾಯುವ ಚಿಕ್ಕಪ್ಪ ಎದ್ದು ನಿಂತರು. "ಬೆಳೆದ ಭತ್ತವನ್ನೆಲ್ಲ ಉತ್ತು ಹಾಕೋ ಕಾಡುಹಂದಿಯನ್ನ ದುಡ್ಡಿನ ಮೇಲೆ ಬೇರೆ ಕೂರಿಸ್ತೀರಾ?" ಚಾಲುಕ್ಯರ ಲಾಂಛನವೇ ವರಾಹ, ಚಿನ್ನದ ನಾಣ್ಯಕ್ಕೆ ಅದರ ಹೆಸರಿಟ್ಟು ಸಾವಿರ ವರ್ಷ ಸಾಕಿದ್ದೇವೆ ಎಂದು ನಾನು ವಾದಿಸಿದೆ. "ಅದು ದೇವ್ರ ಹಂದಿ. ನಮ್ ಗದ್ದೆಗೆ ಬರೋದು ಬೇರೆ" ಅಂದರು ಚಿಕ್ಕಪ್ಪ. ಹಾಗಾದರೆ ಮಂಗ ಹಾಕೋಣ, ತೋಟದಲ್ಲಿ ಇರುವುದೆಲ್ಲ ಅದೇ ಅಲ್ಲವೇ ಎಂದು ಯಾರೋ ಸೂಚಿಸಿದರು. ಅಧ್ಯಕ್ಷರು ಕೈ ಎತ್ತಿ ತಡೆದರು.

"ಮಂಗ ಹಾಕಿರೆ ಆ ದುಡ್ಡು ಯಾರ ಕೈಯಗೂ ನಿಲ್ಲದಿಲ್ಲ. ಸುಮ್ಮನೆ ಎದ್ದು ಊಟಕ್ಕೆ ಬನ್ನಿ."